ಶುಗರ್ ಐತೆ, ಸಕ್ಕರೆ ಬೇಡ

ಹೋದ ತಿಂಗಳು ಇದೇ ಅಂಕಣದ ಕೊನೆಯಲ್ಲಿ 'ಅವಸರ' ಎಂಬ ಪದದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಮಗೆ ಅವಸರ ಎಂದರೆ ಆತುರ. ತಮಿಳರಿಗೂ ಹಾಗೇ. ತೆಲುಗಿನವರು 'ಅವಸರಂ ಲೇದು' ಎಂದರೆ 'ಆತುರವೇನಿಲ್ಲ' ಎಂದಲ್ಲ, 'ಅಗತ್ಯ ಇಲ್ಲ' ಎಂದು. ಹಿಂದಿಯಲ್ಲಿ ಮತ್ತು ಮಲಯಾಳದಲ್ಲಿ ಅದು ಒದಗಿ ಬಂದ ಸಂದರ್ಭ, ನಾವು ಅವಕಾಶ ಎನ್ನುತ್ತೇವಲ್ಲ, ಅದು. ಇಷ್ಟು ಬರೆದದ್ದಕ್ಕೆ ಕಾಗದದ ಮೇಲೆ ಕಾಗದ ಬಂದಿದೆ. ಮಂಡ್ಯ ಜಿಲ್ಲೆಯಿಂದಲೇ ಜಾಸ್ತಿ. 31 ವರ್ಷ ಮಂಡ್ಯದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಕನ್ನಡದ ಮಕ್ಕಳಿಗೆ ಹಿಂದಿ ಹೇಳಿಕೊಟ್ಟವಳು ನಾನು. ಇಂಥ ಪದಗಳ ಜೊತೆಗೇ ದಿನ ಕಳೆದಿದ್ದೇನೆ. ಈ ತಿಂಗಳ ಅಂಕಣ ಪೂರ್ತಿ ಅವಕ್ಕೇ ಇರಲಿ.

ಪ್ರಶ್ನೆ: ಮೇಡಂ, ನನ್ನ ಮಗ ಬೆಂಗಳೂರಿನಲ್ಲಿ ತನ್ನ ಜೊತೆ ಕೆಲಸ ಮಾಡುವ ಹುಡುಗಿಯನ್ನು ಮದುವೆಯಾದ. ಸೊಸೆ ತ್ರಿಶೂರಿನವಳು. ಒಳ್ಳೆಯ ಹುಡುಗಿ. ಯುಗಾದಿಗೆ ಬಂದಾಗ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಅವರಮ್ಮನಿಗೆ 'ಸಂಸಾರಿಕ್ಕಾನ್ ಪಟ್ಟಿಲ್ಲ' ಎಂದು ಎರಡು ಸಲ ಹೇಳಿದಳು. ಸಂಸಾರ, ಇಲ್ಲ, ಇವೆರಡು ನನಗೆ ಚೆನ್ನಾಗಿ ಕೇಳಿಸಿತು. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಮಗನನ್ನು ಕೇಳಲು ಧೈರ್ಯ ಸಾಲದು. ಏನು ಮಾಡಲಿ? (ಪಾಂಡವಪುರದಿಂದ ಒಬ್ಬ ತಾಯಿ)

ಉತ್ತರ: ತಾಯೀ, ಇವತ್ತು ರಾತ್ರಿ ನೆಮ್ಮದಿಯಾಗಿ ಮಲಗಿ. ನಿಮ್ಮ ಸೊಸೆ ಹೇಳಿದ್ದು 'ಮಾತಾಡೋಕೆ ಆಗಲ್ಲ' ಎಂದು. ಅಷ್ಟೇ. ಹಬ್ಬದ ಮನೆ, ಒಳಗೆ ಹೋಳಿಗೆ ಬೇಯಿಸುತ್ತಿದ್ದಿರೇನೋ. 'ಆಮೇಲೆ ಮಾಡ್ತೀನಮ್ಮಾ' ಎಂದು ಫೋನು ಇಟ್ಟಿರಬೇಕು.

ಮಲಯಾಳದಲ್ಲಿ 'ಸಂಸಾರಂ' ಎಂದರೆ ಮಾತು. 'ಸಂಸಾರಿಕ್ಕುಕ' ಎಂದರೆ ಮಾತಾಡುವುದು. 'ಪಟ್ಟಿಲ್ಲ' ಎಂದರೆ ಆಗುವುದಿಲ್ಲ. ನೀವು ಕೇಳಿಸಿಕೊಂಡದ್ದರಲ್ಲಿ ತಪ್ಪಿಲ್ಲ. ನಿಮ್ಮ ಕಿವಿ ಕನ್ನಡದ ಕಿವಿ. ಕನ್ನಡದಲ್ಲಿ ಸಂಸಾರ ಎಂಬ ಪದದ ಮೇಲೆ ನಾವು ಎಷ್ಟು ಭಾರ ಹೊರಿಸಿದ್ದೇವೆ ನೋಡಿ. ಗಂಡ, ಹೆಂಡತಿ, ಮಕ್ಕಳು, ಸಾಲ, ಮನೆ, ಮರ್ಯಾದೆ ಎಲ್ಲ ಅದರೊಳಗೇ ಇದೆ. 'ಸಂಸಾರ ಇಲ್ಲ' ಎಂಬ ಮಾತು ಹಿತ್ತಲಿನಿಂದ ಕೇಳಿಸಿದರೆ ಯಾವ ತಾಯಿಗೆ ಎದೆ ಝಲ್ ಎನ್ನುವುದಿಲ್ಲ?

ಸಂಸ್ಕೃತದಲ್ಲಿ 'ಸೃ' ಎಂದರೆ ಹರಿಯುವುದು, ಸಾಗುವುದು. ನಿಲ್ಲದೆ ಸಾಗುತ್ತಲೇ ಇರುವ ಹುಟ್ಟು ಸಾವಿನ ಸುತ್ತು ಸಂಸಾರ. ಹಿಂದಿಯವರು ಆ ಪದವನ್ನು ಇಡೀ ಜಗತ್ತಿಗೆ ಇಟ್ಟುಕೊಂಡರು. 'ಸಾರಾ ಸಂಸಾರ್' ಎಂದರೆ ಲೋಕವೆಲ್ಲ. ನಾವು, ಬಂಗಾಳದವರು ಅದನ್ನು ಮನೆಯೊಳಕ್ಕೆ ಕರೆದುಕೊಂಡೆವು. ನಮ್ಮ ತಂದೆಯ ಕಾಲದವರು ಇನ್ನೂ ಒಳಕ್ಕೆ, ಅಡುಗೆಮನೆಯವರೆಗೂ ಒಯ್ದರು. 'ನಮ್ಮ ಸಂಸಾರ ಊರಿಗೆ ಹೋಗಿದೆ' ಎಂದರೆ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಅರ್ಥ. ತಮಿಳಿನಲ್ಲೂ ಹೆಂಡತಿಗೆ ಸಂಸಾರ ಎನ್ನುವ ರೂಢಿ ಇದೆ.

ಇನ್ನೊಂದು ವಿಷಯ. ಅಂಗಡಿ ಸಾಮಾನಿನ 'ಪಟ್ಟಿ ತಗೊಂಡು ಬಾಮ್ಮ' ಎಂದು ನೀವು ಹೇಳಿದಾಗ ಅವಳು ಒಂದು ಕ್ಷಣ ನಿಮ್ಮ ಮುಖ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವರಲ್ಲಿ ಪಟ್ಟಿ ಎಂದರೆ ನಾಯಿ. ಮೊದಲು ಹೇಳಿದ 'ಪಟ್ಟಿಲ್ಲ'ಕ್ಕೂ ಇದಕ್ಕೂ ನಂಟಿಲ್ಲ. ಅದರ 'ಟ್ಟ'ವನ್ನು ಅವರು ನಾಲಿಗೆಯ ತುದಿಯನ್ನು ಹಲ್ಲಿನ ಬುಡಕ್ಕೆ ತಾಗಿಸಿ ಹೇಳುತ್ತಾರೆ. ಆ ಉಚ್ಚಾರಣೆ ಕನ್ನಡದಲ್ಲಿ ಇಲ್ಲ, ಅದನ್ನು ಬರೆಯಲು ನಮಗೆ ಅಕ್ಷರವೂ ಇಲ್ಲ.

ಮುಂದಿನ ಸಲ ಅವಳು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು 'ಸಂಸಾರಿಕ್ಕಾಂ' ಎನ್ನಿ. 'ಮಾತಾಡೋಣ' ಎಂದು ಅರ್ಥ. ಆಮೇಲೆ ಏನಾಯಿತು ಎಂದು ನನಗೆ ಬರೆಯಿರಿ, ಕಾಯುತ್ತೇನೆ.

ಪ್ರಶ್ನೆ: ಊರು ಶ್ರೀರಂಗಪಟ್ಟಣ, ಕೆಲಸ ಕೊಚ್ಚಿಯಲ್ಲಿ. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯನಿಗೂ ಮೇಲಿನವರಿಗೂ ಜಗಳ ನಡೆದಿತ್ತು. ಒಂದು ದಿನ ಬಂದು 'ಞಾನ್ ರಾಜಿವೆಚ್ಚು' ಎಂದ. ರಾಜಿ ಆಯಿತಲ್ಲ ಎಂದು ಖುಷಿಯಿಂದ ಕೈ ಕುಲುಕಿ 'ಒಳ್ಳೇದಾಯ್ತು' ಎಂದೆ. ಅವನ ಮುಖ ಸಣ್ಣದಾಯಿತು. ಸಂಜೆ ನೋಡಿದರೆ ಅವನ ಮೇಜು ಖಾಲಿ. ನಾನೇನು ತಪ್ಪು ಮಾಡಿದೆ?

ಉತ್ತರ: ಮಲಯಾಳದಲ್ಲಿ ರಾಜಿ ಎಂದರೆ ರಾಜೀನಾಮೆ. 'ಕೆಲಸ ಬಿಟ್ಟೆ' ಎಂದವನಿಗೆ ನೀವು 'ಒಳ್ಳೇದಾಯ್ತು' ಎಂದಿದ್ದೀರಿ. ಇದನ್ನು ಓದಿದ ಕೂಡಲೇ ಅವನಿಗೆ ಫೋನು ಮಾಡಿ, ಕನ್ನಡದಲ್ಲಿ ರಾಜಿ ಎಂದರೆ ಏನು ಅಂತ ತಿಳಿಸಿ. ಆಮೇಲೆ ಕೂತು ಇದರ ಹಿಂದಿನ ಕಥೆ ಓದಿ.

ಅರಬ್ಬಿಯಲ್ಲಿ ಒಪ್ಪಿಗೆಗೆ ಒಂದು ಪದ ಇದೆ. ಪಾರ್ಸಿಯ ಮೂಲಕ ನಮ್ಮ ಕಡೆಗೆ ಬರುವಾಗ ಅದು 'ರಜಾ' ಆಯಿತು. ಒಪ್ಪಿದವನು 'ರಾಜಿ'. 'ನಾಮಾ' ಎಂದರೆ ಬರೆದ ಪತ್ರ. ಹಾಗಾಗಿ ರಾಜೀನಾಮೆ ಎಂದರೆ ಮೂಲದಲ್ಲಿ ಒಪ್ಪಿಗೆಯ ಪತ್ರ. ಹಿಂದಿ ನಾಡಿನ ಕೋರ್ಟುಗಳಲ್ಲಿ ಇವತ್ತಿಗೂ ಹಾಗೇ ನಡೆಯುತ್ತಿದೆ. ಇಬ್ಬರು ಜಗಳ ಬಿಟ್ಟು ಬರೆದುಕೊಡುವ ಪತ್ರ ಅಲ್ಲಿ 'ರಾಜೀನಾಮಾ'. ಕೆಲಸ ಬಿಡುವ ಪತ್ರಕ್ಕೆ ಅವರು 'ಇಸ್ತೀಫಾ' ಅಥವಾ 'ತ್ಯಾಗಪತ್ರ' ಎನ್ನುತ್ತಾರೆ. ನಾವು, ಮರಾಠಿಯವರು, ತೆಲುಗರು, ತಮಿಳರು ರಾಜೀನಾಮೆಯನ್ನು ಕುರ್ಚಿ ಬಿಡುವುದಕ್ಕೆ ಇಟ್ಟುಕೊಂಡೆವು. ಒಪ್ಪಿ ಬಿಟ್ಟುಕೊಟ್ಟೆ ಎಂದು ಬರೆದುಕೊಡುವುದು ತಾನೇ ಅದು. ಕನ್ನಡದಲ್ಲಿ 'ರಾಜಿ' ಒಂದು ಕಡೆ, 'ರಾಜೀನಾಮೆ' ಇನ್ನೊಂದು ಕಡೆ ಆಯಿತು. ಮಲಯಾಳದವರು ಬಾಲ ಕತ್ತರಿಸಿ ರಾಜೀನಾಮೆಯನ್ನೇ ರಾಜಿ ಎಂದರು.

ನನಗೆ ಬಹಳ ಇಷ್ಟವಾದದ್ದು ಇದೇ ಮನೆಯ ಮೂರನೇ ಮಗು, ನಮ್ಮ 'ರಜೆ'. ಮೇಲಿನವರು ಒಪ್ಪಿ ಕಳಿಸಿದರೆ ಅದು ರಜೆ. ಕಚೇರಿಯಲ್ಲಿ ರಜೆ ಕೇಳುವವನು, ರಾಜಿ ಮಾಡಿಕೊಳ್ಳುವವನು, ರಾಜೀನಾಮೆ ಕೊಡುವವನು ಮೂವರೂ ಒಂದೇ ಪದ ಹಿಡಿದು ಹೋಗುತ್ತಾರೆ. ಹಿಂದಿಯಲ್ಲಿ ರಜೆಗೆ 'ಅವಕಾಶ್' ಎನ್ನುತ್ತಾರೆ. ಸಂಸ್ಕೃತದಲ್ಲಿ ಅವಕಾಶ ಎಂದರೆ ಜಾಗ, ತೆರಪು. ಹಿಂದಿಯವರಿಗೆ ಅದು ಕೆಲಸದ ನಡುವಿನ ಬಿಡುವು. ನಮಗೆ ಮುಂದೆ ಬರಲು ಸಿಕ್ಕ ದಾರಿ. ನೀವು ಈಗ ಇರುವ ಊರಿನವರಿಗೆ ಅದು ಹಕ್ಕು. ಅಲ್ಲಿ ಮಾನವ ಹಕ್ಕಿಗೆ 'ಮನುಷ್ಯಾವಕಾಶಂ' ಎಂದೇ ಹೆಸರು. ಕಚೇರಿ ಬೋರ್ಡುಗಳಲ್ಲಿ ನೋಡಿರುತ್ತೀರಿ.

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಹಿಂದಿ ಪರೀಕ್ಷೆಯಲ್ಲಿ 'ಶಿಕ್ಷಾ' ಎಂದರೆ ದಂಡನೆ ಎಂದು ಬರೆದು ಅಂಕ ಕಳೆದುಕೊಂಡಳು. ಪದ ಕೆಡಿಸಿದವರು ಹಿಂದಿಯವರಾ, ನಾವಾ? (ಮಳವಳ್ಳಿಯಿಂದ ಒಬ್ಬ ತಂದೆ)

ಉತ್ತರ: ಯಾರೂ ಕೆಡಿಸಿಲ್ಲ. ನಿಮ್ಮ ಮಗಳಿಗೆ ನನ್ನ ಪರವಾಗಿ ಬೆನ್ನು ತಟ್ಟಿ. ಯಾಕೆ ಎಂದು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. 'ಶಿಕ್ಷಾ ಮಂತ್ರಿ' ಎಂಬುದನ್ನು ಕನ್ನಡಕ್ಕೆ ಹೇಳಿ ಎಂದೆ. ಹಿಂದಿನ ಬೆಂಚಿನ ಹುಡುಗ ಎದ್ದು 'ಶಿಕ್ಷೆ ಕೊಡೋ ಮಂತ್ರಿ ಮಿಸ್' ಎಂದ. ಇಡೀ ಕ್ಲಾಸು ನಕ್ಕಿತು. ನಾನು ತಿದ್ದಲಿಲ್ಲ. ಗಮನ ಕೊಡದೆ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಬೆಲ್ಲು ಹೊಡೆಯುವವರೆಗೆ ನಿಲ್ಲಿಸಿದೆ. ಆ ಹುಡುಗ ಆಮೇಲೆ ವರ್ಷ ಪೂರ್ತಿ ನನ್ನ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ಅವನು ತಮಾಷೆ ಮಾಡಿರಲಿಲ್ಲ. ಗೊತ್ತಿದ್ದ ಪದವನ್ನು ಹಿಡಿದು ಗೊತ್ತಿಲ್ಲದ ಕಡೆಗೆ ನಡೆಯಲು ನೋಡಿದ್ದ. ಭಾಷೆ ಕಲಿಯುವವರು ಮಾಡಬೇಕಾದ್ದು ಅದನ್ನೇ ಅಲ್ವಾ? ಅವನು ನಿಂತಿದ್ದ ಜಾಗ, ಗೋಡೆಯ ಹಳದಿ ಸುಣ್ಣ ಇನ್ನೂ ಕಣ್ಣ ಮುಂದೆ ಇದೆ. ಮಾರನೇ ವರ್ಷದಿಂದ ಜೂನ್ ತಿಂಗಳ ಮೊದಲ ಪಾಠದಲ್ಲೇ ಇಂಥ ಪದಗಳನ್ನು ಬೋರ್ಡಿನ ಮೇಲೆ ಬರೆದು, ಇವು ಎರಡೂ ಮನೆಯಲ್ಲಿ ಇರುವ ಪದಗಳು, ಎರಡೂ ಕಡೆ ಸರಿ ಎಂದು ಹೇಳಿ ಪಾಠ ಶುರು ಮಾಡುತ್ತಿದ್ದೆ.

ಸಂಸ್ಕೃತದ 'ಶಿಕ್ಷಾ' ಎಂದರೆ ಕಲಿಕೆ. ವೇದವನ್ನು ಸರಿಯಾಗಿ ಉಚ್ಚರಿಸುವುದನ್ನು ಕಲಿಸುವ ಶಾಸ್ತ್ರಕ್ಕೂ ಅದೇ ಹೆಸರು, ಆರು ವೇದಾಂಗಗಳಲ್ಲಿ ಅದೂ ಒಂದು. ಹಿಂದಿಯಲ್ಲಿ ಆ ಅರ್ಥ ಹಾಗೇ ಉಳಿಯಿತು. ಕನ್ನಡ, ತೆಲುಗು, ಮಲಯಾಳ, ಮರಾಠಿಗಳಲ್ಲಿ ಶಿಕ್ಷೆ ಎಂದರೆ ತಪ್ಪಿಗೆ ಕೊಡುವ ದಂಡನೆ ಆಯಿತು. ಆದರೆ ನಾವು ಹಳೆಯದನ್ನು ಬಿಟ್ಟಿಲ್ಲ. ಶಿಕ್ಷಕ, ಶಿಕ್ಷಣ ನಮ್ಮಲ್ಲೂ ಶಾಲೆಯಲ್ಲೇ ಇವೆ. 'ಬುದ್ಧಿ ಕಲಿಸ್ತೀನಿ ಇರು' ಎಂದು ಬೆತ್ತ ಹಿಡಿದವರು ಹೇಳುವುದನ್ನು ಕೇಳಿದರೆ ಕಲಿಕೆ ಎಲ್ಲಿ ಹೊರಳಿ ಹೊಡೆತವಾಯಿತು ಎಂದು ಊಹಿಸಬಹುದು.

ಈಗ ನಾನು ಮೈಸೂರಿನ ಸರಸ್ವತೀಪುರದಲ್ಲಿ ಇದ್ದೇನೆ. ಮಾನಸಗಂಗೋತ್ರಿಯ ಪಕ್ಕದಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆಯಲ್ಲ, 1969ರಲ್ಲಿ ಶುರುವಾದದ್ದು. ಬೇರೆ ರಾಜ್ಯದ ಮೇಷ್ಟ್ರುಗಳು ಅಲ್ಲಿಗೆ ಕನ್ನಡ ಕಲಿಯಲು ಬರುತ್ತಾರೆ. ಅವರಲ್ಲಿ ಒಬ್ಬರು ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಇದ್ದರು. ಊರು ಬಿಹಾರ. ಬಂದ ಹೊಸದರಲ್ಲಿ ಒಂದು ಸಂಜೆ ಕೇಳಿದರು: 'ಅಮ್ಮಾ, ನಾಳೆ ಹನ್ನೊಂದು ಗಂಟೆಗೆ ಉಪನ್ಯಾಸ ಅಂತ ಹಾಕಿದ್ದಾರೆ. ಇಡೀ ಕಾದಂಬರಿ ಓದುತ್ತಾರಾ?' ಹಿಂದಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿ. ಬಂಗಾಳಿಯಲ್ಲೂ ಅಷ್ಟೇ. ನಮ್ಮಲ್ಲಿ ಭಾಷಣ, ಪಾಠ. ನಮ್ಮ 'ಕಾದಂಬರಿ' ಏಳನೇ ಶತಮಾನದ ಬಾಣಭಟ್ಟನ ಸಂಸ್ಕೃತ ಕೃತಿಯ ಹೆಸರು, ಅದರ ನಾಯಕಿಯ ಹೆಸರು. ಒಬ್ಬ ಹೆಣ್ಣಿನ ಹೆಸರನ್ನು ಒಂದು ಬಗೆಯ ಬರವಣಿಗೆಗೇ ಇಟ್ಟವರು ನಾವು ಮತ್ತು ಮರಾಠಿಯವರು. ಇದನ್ನು ಕೇಳಿ ಆ ಮೇಷ್ಟ್ರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮುಂದಿನ ಹತ್ತು ತಿಂಗಳಲ್ಲಿ ಆ ನೋಟ್‌ಬುಕ್ಕು ತುಂಬಿತು.

ಪ್ರಶ್ನೆ: ಬಂಗಾಳಿಯಿಂದ ಅನುವಾದವಾದ ಒಂದು ಕಥೆಯಲ್ಲಿ 'ಅವಳು ಅಭಿಮಾನದಿಂದ ಅತ್ತಳು' ಎಂದು ಇದೆ. ಅಭಿಮಾನ ಇದ್ದರೆ ಅಳುವುದು ಯಾಕೆ?

ಉತ್ತರ: ಅನುವಾದಕರು ಪದವನ್ನು ಹಾಗೇ ಎತ್ತಿ ಇಟ್ಟಿದ್ದಾರೆ. ಬಂಗಾಳಿಯ 'ಅಭಿಮಾನ್' ತುಂಬ ನವಿರಾದದ್ದು. ನಮಗೆ ಬೇಕಾದವರು ನಮ್ಮ ಮನಸ್ಸು ನೋಯಿಸಿದಾಗ, ಬಾಯಿಬಿಟ್ಟು ಹೇಳದೆ ಒಳಗೇ ನೊಂದು ಮುಖ ತಿರುಗಿಸಿ ಕೂರುತ್ತೇವಲ್ಲ, ಅದು. ಪ್ರೀತಿ ಇಲ್ಲದ ಕಡೆ ಅಭಿಮಾನ್ ಹುಟ್ಟುವುದಿಲ್ಲ. ಕನ್ನಡದಲ್ಲಿ 'ಮುನಿಸು' ಹತ್ತಿರ ಬರುತ್ತದೆ. ಆದರೆ ಮುನಿಸಿನಲ್ಲಿ ಕೋಪ ಸ್ವಲ್ಪ ಜಾಸ್ತಿ, ನೋವು ಕಡಿಮೆ. ಹಿಂದಿಯಲ್ಲಿ ಅಭಿಮಾನ ಎಂದರೆ ಗರ್ವ, ಬೈಗುಳಕ್ಕೆ ಹತ್ತಿರ. ನಮ್ಮಲ್ಲಿ ಅದು ಮನಸ್ಸು ತುಂಬಿ ಬರುವ ಪ್ರೀತಿ, ಹೆಮ್ಮೆ. ಡಾ. ರಾಜ್‌ಕುಮಾರ್ 'ಅಭಿಮಾನಿ ದೇವರುಗಳೇ' ಎಂದು ಕರೆದ ಮೇಲಂತೂ ಕನ್ನಡದಲ್ಲಿ ಆ ಪದಕ್ಕೆ ಬೇರೆಯದೇ ಬೆಲೆ ಬಂದಿದೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿ, ಮೈಸೂರು. ನಮ್ಮ ಮನೆಗೆ ಬಂದಿದ್ದ ಲಕ್ನೋದ ಹುಡುಗಿ 'ಮೃಗಾಲಯದಲ್ಲಿ ಬರೀ ಜಿಂಕೆ ಇರುತ್ತಾ?' ಅಂತ ಕೇಳಿದಳು. ಯಾಕೆ?

ಉತ್ತರ: ಹಿಂದಿಯಲ್ಲಿ 'ಮೃಗ್' ಎಂದರೆ ಜಿಂಕೆ, ಅದಕ್ಕೆ ಪುಟ್ಟಾ. 1892ರಲ್ಲಿ ಶುರುವಾದ ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಆನೆ, ಹುಲಿ, ಜಿರಾಫೆ ಎಲ್ಲವೂ ಮೃಗಗಳೇ. ಸಂಸ್ಕೃತದಲ್ಲಿ ಎರಡೂ ಅರ್ಥ ಇತ್ತು. ಸಿಂಹಕ್ಕೆ ಮೃಗರಾಜ ಎನ್ನುವಾಗ ಎಲ್ಲ ಪ್ರಾಣಿಗಳು. ಮೃಗಶಿರ ಎನ್ನುವಾಗ ಜಿಂಕೆಯ ತಲೆ. ಜೂನ್ ಎರಡನೇ ವಾರ ಹಿಡಿಯುವ ಮೃಗಶಿರಾ ಮಳೆಯನ್ನು ನಿಮ್ಮಜ್ಜ ಲೆಕ್ಕ ಹಾಕುತ್ತಾರಾ ಕೇಳು. ಆ ಹೆಸರಿನಲ್ಲಿ ನಮ್ಮಲ್ಲೂ ಜಿಂಕೆ ಉಳಿದುಕೊಂಡಿದೆ. ಇಂಗ್ಲಿಷಿನಲ್ಲೂ ಹೀಗೇ ಆಯಿತು. ಜಿಂಕೆಗೆ ಈಗ ಹೇಳುವ 'ಡಿಯರ್' ಹಳೆಯ ಇಂಗ್ಲಿಷಿನಲ್ಲಿ ಯಾವ ಪ್ರಾಣಿಗಾದರೂ ಸಲ್ಲುತ್ತಿತ್ತು. ಅದರ ಅಕ್ಕತಂಗಿಯಾದ ಜರ್ಮನ್ ಪದ 'ಟೀರ್' ಇವತ್ತಿಗೂ ಎಲ್ಲ ಪ್ರಾಣಿಗಳಿಗೂ ಸಲ್ಲುತ್ತದೆ. ಕೇರಳದಲ್ಲಿ ದನದ ಆಸ್ಪತ್ರೆಗೆ 'ಮೃಗಾಶುಪತ್ರಿ' ಎನ್ನುತ್ತಾರೆ. ನಮ್ಮ ಕಡೆ ಹಸುವನ್ನು ಮೃಗ ಎಂದರೆ ಸಾಕಿದವರು ನೊಂದುಕೊಳ್ಳುತ್ತಾರೆ.

ಪ್ರಶ್ನೆ: ಚೆನ್ನೈನಲ್ಲಿರುವ ಮಗಳ ಮನೆಯಲ್ಲಿ 'ಸಕ್ಕರೈ ಪೊಂಗಲ್' ಮಾಡಿದ್ದರು. ನನಗೆ ಶುಗರ್ ಇದೆ, ಬೇಡ ಎಂದೆ. 'ಸಕ್ಕರೆ ಹಾಕಿಲ್ಲ ಅಪ್ಪ, ಬೆಲ್ಲ' ಎಂದಳು. ಬೆಲ್ಲದ್ದಕ್ಕೆ ಸಕ್ಕರೈ ಎಂದು ಯಾಕೆ ಹೆಸರು? ಸಕ್ಕರೆ ಊರಿನಲ್ಲೇ ಹುಟ್ಟಿ ಬೆಳೆದವನು, ಕೇಳಲೇಬೇಕು ಅನ್ನಿಸಿತು. (ಮಂಡ್ಯ)

ಉತ್ತರ: ಸ್ವಾಮಿ, ಮೊದಲು ಆರೋಗ್ಯದ ಮಾತು. ಶುಗರ್ ಇರುವವರಿಗೆ ಬೆಲ್ಲವೂ ಸಿಹಿಯೇ. ಹೆಸರು ನೋಡಿ ಇನ್ನೊಂದು ಸೌಟು ಹಾಕಿಸಿಕೊಳ್ಳಬೇಡಿ. ಡಾಕ್ಟರು ಹೇಳಿದಂತೆ ನಡೆಯಿರಿ.

ನಿಮ್ಮ ಪ್ರಶ್ನೆ ನನ್ನ ಊರಿನ ಪ್ರಶ್ನೆ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಕಬ್ಬು ಬಂತು, ಕಬ್ಬಿನ ಹಿಂದೆ ಮೈಷುಗರ್ ಬಂತು. ಆದರೆ ಪದ ಅದಕ್ಕಿಂತ ಬಹಳ ಹಳೆಯದು. ಸಂಸ್ಕೃತದ 'ಶರ್ಕರಾ' ಎಂದರೆ ಮೊದಲು ಸಿಹಿ ಅಲ್ಲ. ಮರಳು, ಸಣ್ಣ ಕಲ್ಲಿನ ಚೂರು, ಗರಸು. ಕಬ್ಬಿನ ಹಾಲನ್ನು ಕಾಯಿಸಿ ಆರಿಸಿದಾಗ ಹರಳು ಕಟ್ಟಿತು. ಮುಟ್ಟಿದರೆ ಮರಳಿನಂತೆ ಇತ್ತು. ಆ ಹೆಸರನ್ನೇ ಇಟ್ಟರು. ಪ್ರಾಕೃತದಲ್ಲಿ ಸಕ್ಕರ ಆಗಿ, ನಮ್ಮ ಬಾಯಲ್ಲಿ ಸಕ್ಕರೆ ಆಯಿತು. ಮೂಲದ ಅರ್ಥ ಹಿಡಿದರೆ ನಮ್ಮ 'ಕಲ್ಲುಸಕ್ಕರೆ' ಎರಡು ಸಲ ಕಲ್ಲು.

ಅಂದರೆ ಆ ಪದ ಬಿಳಿ ಸಕ್ಕರೆಯನ್ನು ನೋಡಿ ಹುಟ್ಟಿದ್ದಲ್ಲ. ಕಬ್ಬಿನಿಂದ ಗಟ್ಟಿಯಾಗಿ ಬಂದ ಸಿಹಿಗೆಲ್ಲ ಅದು ಹೊಂದುತ್ತಿತ್ತು. ತಮಿಳರ ಪೊಂಗಲ್ಲಿನಲ್ಲಿ ಆ ಹಳೆಯ ಬಳಕೆ ಉಳಿದಿದೆ. ಮಲಯಾಳದಲ್ಲಿ ಇವತ್ತಿಗೂ 'ಶರ್ಕ್ಕರ' ಎಂದರೆ ಬೆಲ್ಲವೇ. ಸಕ್ಕರೆಗೆ ಅವರು 'ಪಂಚಸಾರ' ಎನ್ನುತ್ತಾರೆ. ಹಿಂದಿಯವರು ಬಿಳಿ ಸಕ್ಕರೆಗೆ ಚೀನಾದ ಹೆಸರಿಟ್ಟು 'ಚೀನಿ' ಎಂದರು, ಕಲ್ಲುಸಕ್ಕರೆಗೆ ಈಜಿಪ್ಟಿನ ಹೆಸರಿಟ್ಟು 'ಮಿಶ್ರಿ' ಎಂದರು. ಮಿಸ್ರ್ ಎಂದರೆ ಅರಬ್ಬಿಯಲ್ಲಿ ಈಜಿಪ್ಟ್. ಕಬ್ಬು ಬೆಳೆದ ನಾಡಿನಲ್ಲೇ ಸಕ್ಕರೆಗೆ ಪರದೇಶದ ಹೆಸರು, ಪರದೇಶದಲ್ಲಿ ನಮ್ಮ ಹೆಸರು. ಪಾರ್ಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಫ್ರೆಂಚಿನಲ್ಲಿ ಸುಕ್ರ್, ಇಂಗ್ಲಿಷಿನಲ್ಲಿ ಶುಗರ್. ಕೇರಳದ ತೀರಕ್ಕೆ ಬಂದ ಪೋರ್ಚುಗೀಸರು ಅಲ್ಲಿನ ಪದವನ್ನೇ ತಮ್ಮ ಬಾಯಿಗೆ ತಕ್ಕಂತೆ ತಿರುಗಿಸಿಕೊಂಡರು. ಅದರಿಂದ ಇಂಗ್ಲಿಷಿಗೆ ಬೆಲ್ಲದ ಹೆಸರಾದ 'ಜಾಗರಿ' ಬಂತು. ಶುಗರ್ ಮತ್ತು ಜಾಗರಿ ಒಂದೇ ತಾಯಿಯ ಮಕ್ಕಳು. ಒಂದು ಅರಬ್ಬರ ಜೊತೆ ಹೋದದ್ದು, ಇನ್ನೊಂದು ಪೋರ್ಚುಗೀಸರ ಜೊತೆ.

ಮಗಳ ಮನೆಯಲ್ಲಿ ಬೆಲ್ಲಕ್ಕೆ 'ವೆಲ್ಲಂ' ಎನ್ನುವುದನ್ನೂ ಕೇಳಿರುತ್ತೀರಿ. ಅವರ ವಕಾರ ನಮ್ಮಲ್ಲಿ ಬಕಾರ. ವೆಳ್ಳಿ ನಮ್ಮ ಬೆಳ್ಳಿ ಆದ ಹಾಗೆ. ಆದರೆ ನಾಲಿಗೆ ಮಡಚಿ 'ವೆಳ್ಳಂ' ಎಂದರೆ ತಮಿಳಿನಲ್ಲಿ ನೆರೆ, ಮಲಯಾಳದಲ್ಲಿ ಕುಡಿಯುವ ನೀರು. ಲಕಾರ ಳಕಾರ ನೋಡಿ ಹೇಳಿ.

ಈಗ ನಮ್ಮೂರಿಗೇ ವಾಪಸ್ ಬರೋಣ. ಶುಗರ್ ಎಂಬ ಹೆಸರು ಅಷ್ಟು ದೇಶ ಸುತ್ತಿ ಮಂಡ್ಯಕ್ಕೆ ಬಂದು ಏನಾಯಿತು? ಕಾರ್ಖಾನೆಯ ಗೇಟಿನ ಮೇಲೆ ಕೂತದ್ದು ಒಂದು. ಇನ್ನೊಂದನ್ನು ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೇಳುತ್ತೇವೆ: 'ನಂಗೆ ಶುಗರ್ ಐತೆ ಕಣಪ್ಪ, ಸಕ್ಕರೆ ಹಾಕ್ಬ್ಯಾಡ.' ಒಂದೇ ಪದದ ಎರಡು ರೂಪ. ಒಂದು ಡಬ್ಬದಲ್ಲಿ, ಒಂದು ರಕ್ತದಲ್ಲಿ. ಶುಗರ್ ಎಂದರೆ ಕಾಯಿಲೆ, ಸಕ್ಕರೆ ಎಂದರೆ ಸಾಮಾನು. ಇಂಗ್ಲೆಂಡಿನವರಿಗೆ 'ಶುಗರ್ ಇದೆ' ಎಂದರೆ ಡಬ್ಬ ತುಂಬಿದೆ ಎಂದುಕೊಳ್ಳುತ್ತಾರೆ. ಕಾಯಿಲೆಯ ಅರ್ಥ ನಮ್ಮ ಕಡೆ ರೂಢಿಯಾದದ್ದು. 

ನಮ್ಮ ಅಜ್ಜನಿಗೆ ಕೆರಗೋಡಿನ ಹತ್ತಿರ ಒಂದು ಆಲೆಮನೆ ಇತ್ತು. ಕೊಪ್ಪರಿಗೆಯಿಂದ ಪಾಕವನ್ನು ಅಚ್ಚಿಗೆ ಹೊಯ್ದು, ಆರಿದ ಮೇಲೆ ಒಂದು ಅಚ್ಚು ಮುರಿದು, ಚೂರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಉಜ್ಜುತ್ತಿದ್ದರು. ಜಿಗುಟಾಗಿದ್ದರೆ ಸುಮ್ನೆ ಪಕ್ಕಕ್ಕೆ ಇಡುತ್ತಿದ್ದರು. ಚೆನ್ನಾಗಿ ಬಂದಿದ್ದರೆ ನನ್ನ ಕೈ ಹಿಡಿದು ಅಂಗೈಗೆ ಉದುರಿಸಿ ಹೇಳುತ್ತಿದ್ದರು, 'ಮುಟ್ಟಿ ನೋಡು ಮಗ, ಮರಳಂಗೈತೆ.'